ಗಾಜಿನ ಮೇಲೆ ಅಂಗೈ

ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಹೋಗುತ್ತಿತ್ತು. ಜಗದೀಶ್ ಮತ್ತೆ ಜೀಪಿನ ವೇಗ ತಗ್ಗಿಸಿದ; ಮುಂಭಾಗಕ್ಕೆ ಹೊಸ ಗಾಜು ಕೂರಿಸಿ ಎಂಟು ದಿನವೂ ಆಗಿರಲಿಲ್ಲ. ಮಾನಂತವಾಡಿಯ ಪರೀಕ್ಷಾ ಕೇಂದ್ರದ ಗೇಟು ಮುಚ್ಚಲು ಇಪ್ಪತ್ತೇ ನಿಮಿಷ ಉಳಿದಿತ್ತು.

“ಈ ಪಿಎಸ್‌ಸಿ ಪರೀಕ್ಷೆ ತಪ್ಪಿದ್ರೆ ಇನ್ನ್ ಮೂರು ವರ್ಷ ಕಾಯ್ಬೇಕು,” ಎಂದಳು ಪಕ್ಕದಲ್ಲಿದ್ದ ತಂಗಿ ಸುಕನ್ಯಾ.

“ಕಲ್ಲು ಬಡಿದ್ರೆ ಗಾಜು ನೀ ತರ್ತೀಯಾ?”

ಟಿಪ್ಪರ್ ಹತ್ತಿರವಾದಾಗ ಒಳಗಿನಿಂದ ಅಂಗೈ ಒತ್ತಿ ಹಿಡಿದರೆ ಗಾಜು ಒಡೆಯುವುದಿಲ್ಲವೆಂದು ಅಣ್ಣ ನಂಬಿದ್ದ. ಅವಳು ಅದಕ್ಕೆ ಸದಾ ನಗುತ್ತಿದ್ದಳು. ಈಗ ಹಾಲ್ ಟಿಕೆಟನ್ನು ತೊಡೆಯಡಿ ಸಿಕ್ಕಿಸಿ, ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿದಳು.

“ನಾ ಹಿಡ್ಕೊಂಡಿದೀನಿ. ವೇಗಂ ಹೋಗಣ್ಣಾ.”

ಜಗದೀಶ್ ಹಾರ್ನ್ ಒತ್ತಿ ಟಿಪ್ಪರಿನ ಪಕ್ಕಕ್ಕೆ ಜೀಪು ನುಗ್ಗಿಸಿದ. ಟಪ್ಪೆಂದು ಕಲ್ಲು ಬಡಿದು, ಅವಳ ಎರಡು ಕೈಗಳ ನಡುವೆ ಬಿರುಕು ಮೂಡಿತು. ಅವನು ಅತ್ತ ನೋಡಲಿಲ್ಲ.

“ಟೈಮೆಷ್ಟಾಯ್ತು?” ಎಂದ.