ಸಭೆಗೆ ಬಂದ ಹುಡುಗಿ

ಪುರಸಭೆಯ ತಿಂಗಳ ಸಭೆಗೆ ಸಾರ್ವಜನಿಕರು ಬರುವುದೇ ಅಪರೂಪ. ಹಾಗಾಗಿ ಆ ಹುಡುಗಿ ಹಿಂದಿನ ಬೆಂಚಿನಲ್ಲಿ ಬಂದು ಕೂತಾಗ ಎಲ್ಲರ ಕಣ್ಣೂ ಅತ್ತ ಹೋಯಿತು. ಅವಳು ಏನೂ ಕೇಳಲಿಲ್ಲ. ಬಿಲ್ಲುಗಳು ಒಂದೊಂದಾಗಿ ಮಂಜೂರಾಗುವುದನ್ನು ಸುಮ್ಮನೆ ನೋಡುತ್ತಿದ್ದಳು. ಮುಂದಿನ ತಿಂಗಳೂ ಬಂದಳು.

"ಯಾರ್ರೀ ಅವಳು?" ಅಧ್ಯಕ್ಷರು ಎಂಜಿನಿಯರ್ ಕಿವಿಯಲ್ಲಿ ಕೇಳಿದರು.

"ಕೆರೆ ಹಿಂದಿನ ಹೊಸ ಬಡಾವಣೆಯವಳಂತೆ ಸಾರ್. ಲೋಕಾಯುಕ್ತಕ್ಕೆ ದೂರು ಕೊಡೋಳ ಹಾಗೆ ಕಾಣ್ತಾಳೆ."

"ದೂರು ಕೊಡೋಕೆ ಅಲ್ಲೇನಿದೆ?"

"ಚರಂಡಿ ಇಲ್ಲ, ಬೀದಿದೀಪ ಇಲ್ಲ. ಮನೆಮನೇಲೂ ಡೆಂಗಿ. ಅವಳ ತಂಗೀನೂ ಆಸ್ಪತ್ರೇಲಿದ್ಲಂತೆ."

"ಮತ್ತೆ ಇಷ್ಟು ದಿನ ಕತ್ತೆ ಕಾಯ್ತಿದ್ರೇನ್ರೀ? ಮೊದಲು ಮಾಡಿಸಿ. ಇವಳಿಂದ ನನ್ನ ಕುರ್ಚಿ ಹೋಗೋದು ಬೇಡ."

ತುರ್ತು ಕಾಮಗಾರಿ ಎಂದು ಠರಾವು ಮಾಡಿ ಚರಂಡಿ ಕಟ್ಟಿದರು, ದೀಪ ಹಾಕಿದರು. ಆದರೂ ಅದರ ಮುಂದಿನ ಸಭೆಗೆ ಅವಳು ಹಾಜರು! ಸದಸ್ಯರು ಮುಖ ಮುಖ ನೋಡಿಕೊಂಡರು. ಅಧ್ಯಕ್ಷರಿಗೆ ತಡೆಯಲಾಗಲಿಲ್ಲ.

"ಏನಮ್ಮಾ, ನಿಮ್ಮ ಬೀದಿಗೆ ಎಲ್ಲಾ ಮಾಡಿಸಿದ್ದೀವಲ್ಲ! ಇನ್ನೂ ಯಾಕೆ ಹೀಗೆ ಬಂದು ಕೂತ್ಕೋತೀಯಾ? ಯಾರು ಕಳಿಸಿದ್ದು ನಿನ್ನ? ಬಾಯಿಬಿಟ್ಟು ಹೇಳಬಾರದಾ?"

ಹುಡುಗಿ ಎದ್ದು ನಿಂತಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಯಾರೂ ಕಳಿಸಿಲ್ಲ ಸಾರ್. ಪ್ರತಿ ಸಲ ಕೇಳೋಣ ಅಂತ ಬರ್ತಿದ್ದೆ, ಧೈರ್ಯ ಸಾಲ್ತಿರಲಿಲ್ಲ. ನಮ್ಮ ಬಡಾವಣೆ ಇನ್ನೂ ಗ್ರಾಮ ಪಂಚಾಯ್ತೀಲೇ ಇದೆ, ಅದನ್ನ ಪುರಸಭೆಗೆ ಸೇರಿಸ್ಕೊಳ್ತೀರಾ?"