ಎಲ್ಲರೂ ಬರಬೇಕು

"ಗೌರಿಬಾಯಿ ಎಲ್ಲಿ?"

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಪ್ರತಿಮಾ ಕೇಳಿದರು. ಲಾಲಿಬಾಯಿಗೆ ಸೋಜಿಗ. ಇನ್ನು ಸ್ವಲ್ಪ ಹೊತ್ತಿಗೆ ವಿಶ್ವವಿದ್ಯಾಲಯದ ವೇದಿಕೆ ಹತ್ತಬೇಕಾದವರು, ಫೋಂಡಾದ ಹೊರಗಿನ ಈ ತಗಡಿನ ಮನೆಗಳ ಸಾಲಿಗೆ ತಾವೇ ಬಸ್ಸು ತಂದು ನಿಂತಿದ್ದರು.

"ಆಕಿ ಕಾಲು ಬಾತಾವ್ರಿ ಅಕ್ಕಾರ. ಮನ್ಯಾಗ ಮಲಗ್ಯಾಳ. ಆಕಿ ಬಂದು ಏನ್ ಮಾಡ್ತಾಳ್ರಿ?"

"ಎತ್ತಿಕೊಂಡು ಬರ್ರಿ. ಆಕಿನ್ನ ಬಿಟ್ಟು ಬಸ್ ಹೊರಡೂದಿಲ್ಲ."

ಲಾಲಿಬಾಯಿಯ ಗಂಡ ಸೋಮಲಪ್ಪ ಗೊಣಗುತ್ತಲೇ ಹೋಗಿ ಮುದುಕಿಯನ್ನು ಎತ್ತಿ ತಂದ. ಪ್ರತಿಮಾ ಒಂದೊಂದು ಮನೆಯ ಬಾಗಿಲಲ್ಲೂ ಇಣುಕಿ ನೋಡಿ, ಕೊನೆಗೆ ಬಸ್ಸು ಹತ್ತಿದರು.

ಧಾರವಾಡದಿಂದ ಬಂದು ಫೋಂಡಾದಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನದ ಮಗಳು ಆಕೆ. ಓದಿದ್ದು ಸಮಾಜಶಾಸ್ತ್ರ. ವಿಜಯಪುರದ ತಾಂಡಾಗಳಿಂದ ಗೋವಾಕ್ಕೆ ಬಂದು ಕಟ್ಟಡ ಕಟ್ಟುವವರ, ಬೀಚಿನಲ್ಲಿ ಮಣಿಸರ ಮಾರುವವರ ಬದುಕನ್ನು ವರ್ಷಗಟ್ಟಲೆ ಬರೆದುಕೊಂಡಿದ್ದರು. ಲಾಲಿಬಾಯಿಯ ಒಲೆಯ ಮುಂದೆ ಕೂತು ರೊಟ್ಟಿ ತಿಂದಿದ್ದರು. ಈಗ ಪ್ರೊಫೆಸರ್ ಆಗಿದ್ದರು. ಹೊಸ ಪ್ರೊಫೆಸರ್ ಊರಿನವರ ಮುಂದೆ ಒಂದು ಉದ್ಘಾಟನಾ ಉಪನ್ಯಾಸ ಕೊಡಬೇಕೆಂಬುದು ಅಲ್ಲಿನ ರೂಢಿ. ಆಕೆ ಆರಿಸಿಕೊಂಡ ವಿಷಯ, ವಲಸೆ ಬಂದವರ ಮನೆ.

ಮಳೆಗಾಲದಲ್ಲಿ ಯಾರೋ ಬಂದು ಗೋಡೆಗಳಿಗೆ ನೋಟಿಸು ಅಂಟಿಸಿ ಹೋಗಿದ್ದರು. ಸರ್ಕಾರದ ಜಾಗ, ಖಾಲಿ ಮಾಡಿ ಎಂದು. "ನಾನು ಓಡ್ಯಾಡ್ಲಿಕತ್ತೇನಿ" ಎಂದಿದ್ದರು ಪ್ರತಿಮಾ. ಅಷ್ಟು ಸಾಕಾಗಿತ್ತು. ಕಾಲೋನಿಯವರು ನಿದ್ದೆ ಮಾಡಿದ್ದರು.

"ಬೆಳ್ಳಿ ಎಲ್ಲಾ ಹಾಕೊಂಡು ಬರ್ರಿ ಅಂತ, ಹುಡುಗ್ರನ್ನ ಇವತ್ತ ಸಾಲಿಗೆ ಕಳಸಬ್ಯಾಡ್ರಿ, ಕರಕೊಂಡ ಬರ್ರಿ ಅಂತ," ಬಸ್ಸಿನಲ್ಲಿ ಸೋಮಲಪ್ಪ ಪಿಸುಗುಟ್ಟಿದ. "ನಮ್ಮನ್ನ ಪ್ರದರ್ಶನಕ್ಕ ಇಡತಾರ, ನೋಡ್ತಿರು."

"ಸುಮ್ನಿರು. ನಮ್ಮನ್ನ ಕುರ್ಚಿ ಮ್ಯಾಲ ಕುಂದ್ರಸವ್ರು ಮತ್ತ ಯಾರದಾರ?" ಎಂದಳು ಲಾಲಿಬಾಯಿ. ಆದರೂ ಒಳಗೆ ಏನೋ ಚುಚ್ಚಿತು.

ಸಭಾಂಗಣ ತಣ್ಣಗಿತ್ತು. ಹಿಂದಿನ ಸಾಲುಗಳೆಲ್ಲ ಅವರಿಗೇ. ಫೋಟೋದವರು ಹೆಂಗಸರ ಕನ್ನಡಿ ಹಚ್ಚಿದ ಲಂಗಗಳತ್ತ ಕ್ಯಾಮೆರಾ ತಿರುಗಿಸಿದರು. ಸೋಮಲಪ್ಪ ಹೆಂಡತಿಯತ್ತ ನೋಡಿದ. ಆಕೆ ತಲೆ ತಗ್ಗಿಸಿದಳು.

ಪ್ರತಿಮಾ ಇಂಗ್ಲಿಷಿನಲ್ಲಿ ಮಾತಾಡಿದರು. ನಡುವೆ ಒಮ್ಮೆ ಹಿಂದಿನ ಸಾಲುಗಳ ಕಡೆ ತಿರುಗಿ ಕನ್ನಡಕ್ಕೆ ಬಂದರು.

"ಹಿಂದ ಒಂದು ಕಾಲೋನಿ ಕೆಡವಿದ್ರು. ಒಬ್ಬಾಕಿ ಮುದುಕಿ ಒಳಗ ಮಲಗಿದ್ಲು. ಯಾರೂ ನೋಡಲಿಲ್ಲ. ಗ್ವಾಡಿ ಬೀಳೂ ಮುಂದ ನಾನು ಅಲ್ಲೇ ನಿಂತು ಬರಕೋತಿದ್ದೆ."

ದನಿ ಒಡೆಯಿತು. ಮುಂದಿನ ಸಾಲಿನಲ್ಲಿ ಯಾರೋ ಕರವಸ್ತ್ರ ತೆಗೆದರು.

"ಸತ್ತವರ ಕಥಿ ಹೇಳಿ ಚಪ್ಪಾಳಿ ಗಿಟ್ಟಸ್ತಾರ," ಎಂದ ಸೋಮಲಪ್ಪ.

ಆಗಲೇ ಲಾಲಿಬಾಯಿಯ ಸೊಂಟದಲ್ಲಿ ಫೋನು ನಡುಗಿತು. ಕಾಲೋನಿಯ ಎದುರಿಗೆ ಚಹಾ ಮಾರುವ ಇಲಿಯಾಸ.

"ಲಾಲಿಬಾಯಿ, ಜೆಸಿಬಿ ಬಂದಾವು. ಪೊಲೀಸರೂ ಅದಾರ. ನಿಮ್ಮ ಸಾಲಿನ ತಗಡು ಬೀಳಾಕತ್ತಾವು. ಲಗೂ ಬರ್ರಿ!"

ಆಕೆ ಎದ್ದು ನಿಂತಳು. ಬಳೆ, ಗೆಜ್ಜೆ ಒಟ್ಟಿಗೇ ಗಲಗಲ ಎಂದವು. ಸಭೆಯೆಲ್ಲ ಹಿಂತಿರುಗಿ ನೋಡಿತು. ಆಕೆ ಎರಡೂ ಕೈ ಮೇಲೆತ್ತಿ ವೇದಿಕೆಯತ್ತ ಬೀಸಿದಳು. ಪ್ರತಿಮಾ ಕಂಡರು. ಕಂಡದ್ದು ಖಂಡಿತ, ಮಾತು ಅರ್ಧಕ್ಕೇ ನಿಂತಿತು. ಗ್ಲಾಸಿನಿಂದ ಒಂದು ಗುಟುಕು ನೀರು ಕುಡಿದರು. ಕಣ್ಣು ಕೆಳಗೆ ಮಾಡಿ ಮತ್ತೆ ಓದತೊಡಗಿದರು.

"ಬೈಠೋ ಮೌಶಿ, ಬೈಠೋ," ಎಂದು ಸ್ವಯಂಸೇವಕಿಯೊಬ್ಬಳು ಹೆಗಲು ಒತ್ತಿದಳು.

ಸೋಮಲಪ್ಪ ಹೊರಗೆ ಓಡಿದ. ಬಸ್ಸಿನ ಚಾಲಕ ದೇವು ನೆರಳಿನಲ್ಲಿ ಕೂತಿದ್ದ. ಕೈ ಮುಗಿದು ಕೇಳಿದರೂ ಅವನು ಏಳಲಿಲ್ಲ. ತಾವು ಹೇಳುವ ತನಕ ಗಾಡಿ ತೆಗೆಯಬಾರದೆಂದು ಮೇಡಮ್ಮೇ ಹೇಳಿದ್ದಾರೆ ಎಂದ. ನಡೆದು ಹೋಗುವ ದೂರವಲ್ಲ. ರಿಕ್ಷಾದವರು ಒಬ್ಬರೂ ಕಾಣಲಿಲ್ಲ. ಸೋಮಲಪ್ಪ ಗೇಟಿನ ತನಕ ಹೋದ, ತಿರುಗಿ ಬಂದ, ಮತ್ತೆ ಹೋದ.

ಒಳಗೆ ಸುದ್ದಿ ಕುರ್ಚಿಯಿಂದ ಕುರ್ಚಿಗೆ ಹರಿದಿತ್ತು. ಎಲ್ಲರೂ ಅಕ್ಕಾರನ್ನೇ ನೋಡುತ್ತಿದ್ದರು. ಲಾಲಿಬಾಯಿಯ ಕಣ್ಣ ಮುಂದೆ ತನ್ನ ಮನೆ ಸುಳಿಯಿತು. ಹೋದ ವಾರವಷ್ಟೇ ಸಾರಿಸಿದ ಕಟ್ಟೆ. ಮೊಳೆಗೆ ನೇತುಹಾಕಿದ ಮಣಿಸರಗಳು. ಮಗಳು ವಿದ್ಯಾ ಗೋಡೆಗೆ ಅಂಟಿಸಿದ ಚಿತ್ರ. ವೇದಿಕೆಯಿಂದ ಬರುತ್ತಿದ್ದ ಇಂಗ್ಲಿಷಿನಲ್ಲಿ ಆಕೆಗೆ ತಿಳಿಯುತ್ತಿದ್ದುದು ಒಂದೇ ಪದ. ಹೋಂ. ಹೋಂ. ಹೋಂ.

ಕೊನೆಗೂ ಚಪ್ಪಾಳೆ. ಹೂಗುಚ್ಛ, ಕೈಕುಲುಕು. ಲಾಲಿಬಾಯಿ ಜನರನ್ನು ನೂಕಿಕೊಂಡು ಹೋಗಿ ಪ್ರತಿಮಾರ ತೋಳು ಹಿಡಿದಳು.

"ಅಕ್ಕಾರ, ಮನಿ ಕೆಡವಾಕತ್ತಾರ್ರಿ! ಒಂದು ಫೋನ್ ಮಾಡ್ರಿ. ನಿಮ್ಮ ಮಾತು ಕೇಳ್ತಾರ. ಒಂದ ಒಂದು ಫೋನ್!"

ಪ್ರತಿಮಾ ಫೋನು ತೆಗೆಯಲಿಲ್ಲ.

"ಅಲ್ಲಿ ಯಾರರ ಉಳದಾರೇನು?" ಎಂದು ಕೇಳಿದರು. "ಯಾರರ? ಕೂಸು, ಮುದುಕರು?"

"ಇಲ್ರಿ. ಎಲ್ಲಾರೂ ಇಲ್ಲೇ ಅದೀವಲ್ರಿ. ಫೋನ್ ಮಾಡ್ರಿ ಅಕ್ಕಾರ!"

ಪ್ರತಿಮಾ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತರು. ಹೂಗಳು ಮಡಿಲಿಂದ ಜಾರಿದವು.

"ಇವತ್ತ ಬರ್ತಾರಂತ ನನಗ ಗೊತ್ತಿತ್ತು, ಲಾಲಿಬಾಯಿ. ಎಲ್ಲಾರ ಕಾಲು ಹಿಡದೆ, ನಿಲ್ಲಸಲಿಕ್ಕೆ ಆಗಲಿಲ್ಲ. ಹೇಳಿದ್ರ ನೀವ್ಯಾರೂ ಮನಿ ಬಿಟ್ಟು ಬರ್ತಿದ್ದಿಲ್ಲ. ನಿಮ್ಮನ್ನ ಹೊರಗ ತರೂದಷ್ಟ ಆತು."