ಜಂಗಲ್ ಬಾರದ ಮಧ್ಯಾಹ್ನ

ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಬಂದರೆ ಈಗಲೂ ನನಗೆ ಕಲ್ಯಾಣಪುರದ ಹೊಳೆಬದಿ ನೆನಪಾಗುತ್ತದೆ.

ಆಗ ಅಲ್ಲಿ ಸೇತುವೆ ಇರಲಿಲ್ಲ; ಎರಡು ದೋಣಿ ಜೋಡಿಸಿದ ಜಂಗಲ್ ವಾಹನಗಳನ್ನು ದಾಟಿಸುತ್ತಿತ್ತು. ಕುಂದಾಪುರದ ಮದುವೆಗೆಂದು ಪಪ್ಪ ಗೆಳೆಯರ ಕಾರು ತಂದಿದ್ದರು. ಬೋಳಾರದಿಂದ ಬೆಳಿಗ್ಗೆಯೇ ಹೊರಟಿದ್ದೆವು. ಅಮ್ಮನ ತವರು ಪಡುಬಿದ್ರಿಯಲ್ಲಿ, ರಸ್ತೆಗೆ ತಾಗಿಯೇ ಇತ್ತು. ನಾವು ಆ ದಾರಿಯಾಗಿ ಬರುವ ಸುದ್ದಿ ತಿಳಿದು ಅಜ್ಜಿ ತಲೆಗೆ ಸೆರಗು ಹಾಕಿಕೊಂಡು ಗೇಟಿನ ಹೊರಗೆ ಕಾಯುತ್ತಿದ್ದರು.

"ಐದು ನಿಮಿಷ ನಿಲ್ಲಿಸಿ," ಅಂದರು ಅಮ್ಮ.

"ಬರುವಾಗ ನಿಲ್ಲಿಸುವ," ಅಂದರು ಪಪ್ಪ. "ಜಂಗಲ್ ತಪ್ಪಿದರೆ ಮದುವೆ ಸಿಗ್ಲಿಕ್ಕಿಲ್ಲ."

ಕಾರು ಮುಂದೆ ಹೋಯಿತು. ಹಿಂದಿನ ಗಾಜಿನಲ್ಲಿ ನೋಡಿದೆ. ಅಜ್ಜಿ ಎತ್ತಿದ ಕೈ ಇಳಿಸದೆ ಧೂಳಿನಲ್ಲಿ ನಿಂತೇ ಇದ್ದರು.

ಹೊಳೆಗೆ ಬಂದಾಗ ಜಂಗಲ್ ಆಚೆ ದಡದ ಕೆಸರಿನಲ್ಲಿ ಕೂತಿತ್ತು.

"ಇಳಿತ ಮಾರಾಯ್ರೆ," ಅಂದ ದೋಣಿಯವ. "ನೀರು ಏರದೆ ನಾವು ಎಂತ ಮಾಡುದು?"

ಮಧ್ಯಾಹ್ನವೆಲ್ಲ ಅಲ್ಲೇ ಕಳೆಯಿತು. ತೊಡೆ ಸೀಟಿಗೆ ಅಂಟುತ್ತಿತ್ತು. ಪಪ್ಪ ನೀರಿನವರೆಗೆ ನಡೆದು ಹಿಂದೆ ಬರುವರು, ಮತ್ತೆ ಹೋಗುವರು. ನನಗೆ ಅಳು ಬರುವಷ್ಟು ಸಿಟ್ಟು.

"ಇಷ್ಟು ಹೊತ್ತು ಅಜ್ಜಿ ಮನೆಯಲ್ಲೇ ಕೂರಬಹುದಿತ್ತಲ್ಲ?" ಎಂದು ಕೇಳಿಯೇಬಿಟ್ಟೆ.

"ಬಾಯಿ ಮುಚ್ಚು," ಅಂದರು ಪಪ್ಪ.

ಅಮ್ಮ ಕಾಲಬುಡದಿಂದ ಒಂದು ಡಬ್ಬಿ ತೆಗೆದರು. ಹಲ್ಲಿಲ್ಲದ ಅಜ್ಜಿಗೆಂದು ನಸುಕಿನಲ್ಲಿ ಎದ್ದು, ತೆಂಗಿನ ಹಾಲು ಬೆಲ್ಲ ಹಾಕಿ ಕಾಸಿ, ಆರಿಸಿ, ತುಂಡು ಮಾಡಿದ ಮೆತ್ತಗಿನ ರಾಗಿ ಮಣ್ಣಿ ಅದರಲ್ಲಿತ್ತು.

"ಅದು ಅಜ್ಜಿಗಲ್ವಾ?"

"ಬಿಸಿಲಿಗೆ ಹಾಳಾಗ್ತದೆ. ತಿನ್ನು."

ಎಲ್ಲಕ್ಕಿಂತ ದೊಡ್ಡ ತುಂಡನ್ನು ಅಮ್ಮ ಪಪ್ಪನ ಕೈಯಲ್ಲಿಟ್ಟರು. ಜಂಗಲ್ ಈಚೆಗೆ ಬರುವವರೆಗೂ ಪಪ್ಪ ಅದನ್ನು ತಿನ್ನಲೂ ಇಲ್ಲ, ಕೆಳಗಿಡಲೂ ಇಲ್ಲ.